ಜಪಾನಿನ ಅತಿವೇಗದ ಮೋಟಾರ್ ಸೈಕಲ್‌ಗಳು: ವಿನ್ಯಾಸ, ಕಾರ್ಯಕ್ಷಮತೆ ಮತ್ತು ನಮ್ಮ ಸಣ್ಣ ಕೈಗಾರಿಕೆಗಳಿಗೆ ಪಾಠ

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಜಪಾನಿನ ಹೋಂಡಾ ಸಂಸ್ಥೆಯ ಭಾರತೀಯ ಅಂಗಸಂಸ್ಥೆಯು ತನ್ನ ಮೂರನೆಯ ದ್ವಿಚಕ್ರ ವಾಹನ ಕಾರ್ಖಾನೆಯನ್ನು 2013ರಲ್ಲಿ ಆರಂಭಿಸಿತು. ಆರಂಭದಲ್ಲಿ ಅದರ ವಾರ್ಷಿಕ ಉತ್ಪಾದನಾ ಸಾಮರ್ಥ್ಯ 12 ಲಕ್ಷ ವಾಹನಗಳಷ್ಟಿದ್ದು, ಅನಂತರ ಹಂತಹಂತವಾಗಿ ಹೆಚ್ಚಿತು. ಮಾಲೂರಿನ ಆಚೆಗೆ, ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ ಸುಜುಕಿ ಸಂಸ್ಥೆಯ ಸಹಯೋಗದಿಂದ 100 ಸಿಸಿ ಮೋಟಾರ್ ಸೈಕಲ್ ತಯಾರಿಕೆ 1984ರಲ್ಲೇ ಆರಂಭವಾಗಿತ್ತು. ಇತ್ತ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ನೂರಿಪ್ಪತ್ತು ವರ್ಷಗಳ ಚಿನ್ನದ ಗಣಿಗಾರಿಕೆ 2001ರ ಫೆಬ್ರವರಿ ಅಂತ್ಯಕ್ಕೆ ನಿಂತುಹೋಯಿತು. ಒಂದು ದೊಡ್ಡ ಉದ್ಯಮ ಮುಚ್ಚಿದ ಊರಿನ ಅಕ್ಕಪಕ್ಕದಲ್ಲೇ ಮತ್ತೊಂದು ದೊಡ್ಡ ಉದ್ಯಮ ಬೆಳೆದಿದ್ದರೂ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಯುವಕರ ಸಂಖ್ಯೆ ಕಡಿಮೆಯಾಗಿಲ್ಲ.

ಈ ಎರಡರ ನಡುವಿನ ಅಂತರಕ್ಕೆ ಭೂಮಿ, ಬಂಡವಾಳ, ವಿದ್ಯುತ್ ಮುಂತಾದ ಕಾರಣಗಳನ್ನು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅವು ಸುಳ್ಳಲ್ಲ. ಆದರೆ ಜಪಾನಿನ ವಾಹನ ತಯಾರಕರು ತಮ್ಮ ಪೂರೈಕೆದಾರರಿಂದ ನಿರೀಕ್ಷಿಸುವ ನಿಖರತೆ ಎಂಥದು, ಆ ನಿರೀಕ್ಷೆ ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯದೆ ಆ ಅಂತರವನ್ನು ದಾಟಲಾಗದು. ನರಸಾಪುರದಲ್ಲಿ ತಯಾರಾಗಿರುವುದು ಪ್ರಧಾನವಾಗಿ ದಿನಬಳಕೆಯ ಸ್ಕೂಟರ್ ಮತ್ತು ಸಣ್ಣ ಮೋಟಾರ್ ಸೈಕಲ್‌ಗಳೇ ಹೊರತು ಗಂಟೆಗೆ 300 ಕಿಲೋಮೀಟರ್ ಓಡುವ ಯಂತ್ರಗಳಲ್ಲ. ಆದರೂ ಅಲ್ಲಿನ ಶಿಸ್ತನ್ನು ರೂಪಿಸಿದ್ದು ಅತಿವೇಗದ ಯಂತ್ರಗಳ ಅನುಭವವೇ. ಆದುದರಿಂದ ಆ ಯಂತ್ರಗಳ ವಿನ್ಯಾಸವನ್ನು, ಅದರ ಹಿಂದಿರುವ ಸರಳ ಲೆಕ್ಕಗಳೊಂದಿಗೆ, ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಹಮಾಮತ್ಸು ಪಟ್ಟಣದ ಮೂರು ಕಾರ್ಖಾನೆಗಳು

ಜಪಾನಿನ ನಾಲ್ಕು ಪ್ರಮುಖ ಮೋಟಾರ್ ಸೈಕಲ್ ಸಂಸ್ಥೆಗಳ ಪೈಕಿ ಮೂರರ ಮೂಲ ಹಮಾಮತ್ಸು ಎಂಬ ಒಂದೇ ಪಟ್ಟಣ. ಮಿಚಿಯೊ ಸುಜುಕಿ ಅವರು 1909ರಲ್ಲಿ ಅಲ್ಲಿ ಆರಂಭಿಸಿದ್ದು ನೇಯ್ಗೆ ಮಗ್ಗಗಳ ಕಾರ್ಖಾನೆ. ಯಮಹಾ ಸಂಸ್ಥೆಯ ಮೂಲ 1887ರಲ್ಲಿ ತೊರಾಕುಸು ಯಮಹಾ ಅವರು ಕೈಗೊಂಡ ಹಾರ್ಮೋನಿಯಂ ಜಾತಿಯ ವಾದ್ಯವೊಂದರ ದುರಸ್ತಿ. ಆ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗ ಪ್ರತ್ಯೇಕ ಕಂಪನಿಯಾದದ್ದು 1955ರಲ್ಲಿ. ನಾಲ್ಕನೆಯದಾದ ಕವಾಸಾಕಿ 1878ರಲ್ಲಿ ಹಡಗುಕಟ್ಟೆಯಾಗಿ ಹುಟ್ಟಿತು. ಮಗ್ಗ, ವಾದ್ಯ, ಹಡಗು ಮಾಡುತ್ತಿದ್ದವರು ಮೋಟಾರ್ ಸೈಕಲ್ ತಯಾರಕರಾದರು ಎಂಬುದನ್ನು ಗಣಿ ಮುಚ್ಚಿದ ಊರಿನವರಾದ ನಾವು ವಿಶೇಷವಾಗಿ ಗಮನಿಸಬೇಕು.

ಸೊಯಿಚಿರೊ ಹೋಂಡಾ ಅವರ ಆರಂಭದ ಕಥೆ ಬಿಡಿಭಾಗ ತಯಾರಕರಿಗೆ ನೇರವಾಗಿ ಸಂಬಂಧಿಸಿದೆ. ವಾಹನ ದುರಸ್ತಿಗಾರರಾಗಿದ್ದ ಅವರು 1930ರ ದಶಕದ ಉತ್ತರಾರ್ಧದಲ್ಲಿ ಪಿಸ್ಟನ್ ರಿಂಗ್ ತಯಾರಿಕೆಗೆ ಇಳಿದರು. ಟೊಯೋಟಾ ಸಂಸ್ಥೆಯ ಪರೀಕ್ಷೆಗೆ ಆರಿಸಿ ಕಳುಹಿಸಿದ 50 ರಿಂಗ್‌ಗಳಲ್ಲಿ ಉತ್ತೀರ್ಣವಾದವು ಕೇವಲ 3. ಅವರು ಧೃತಿಗೆಡಲಿಲ್ಲ, ಗ್ರಾಹಕನ ಪರೀಕ್ಷೆಯೇ ಸರಿಯಿಲ್ಲವೆಂದು ವಾದಿಸಲೂ ಇಲ್ಲ. ತಾಂತ್ರಿಕ ಶಾಲೆಯಲ್ಲಿ ಲೋಹಶಾಸ್ತ್ರದ ಪಾಠ ಕೇಳಿದರು, ವಿಶ್ವವಿದ್ಯಾಲಯಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಅಲೆದರು, ಕೊನೆಗೆ ಒಪ್ಪುವಂಥ ರಿಂಗ್ ತಯಾರಿಸಿ ಅದೇ ಟೊಯೋಟಾಗೆ ಪೂರೈಸಿದರು. 1948ರಲ್ಲಿ ಹೋಂಡಾ ಮೋಟಾರ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅವರಿಗೆ ಒಬ್ಬ ಪೂರೈಕೆದಾರನ ಕಷ್ಟ ಮತ್ತು ಒಂದು ನಿರಾಕೃತ ಲಾಟಿನ ಬೆಲೆ ಎರಡೂ ಗೊತ್ತಿತ್ತು. ಹನ್ನೊಂದು ವರ್ಷಗಳ ತರುವಾಯ, 1959ರಲ್ಲಿ, ಆ ಸಂಸ್ಥೆಯು ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯಕ್ಕೆ ಮೊದಲ ಬಾರಿ ಹೋಯಿತು. 1961ರಲ್ಲಿ 125 ಮತ್ತು 250 ಸಿಸಿ ಎರಡೂ ವರ್ಗಗಳಲ್ಲಿ ಗೆದ್ದಿತು.

ಗಾಳಿಯ ತಡೆ: ವೇಗದ ಮೊದಲ ಲೆಕ್ಕ

ವೇಗ ಹೆಚ್ಚಿಸಲು ಎಂಜಿನ್ ದೊಡ್ಡದು ಮಾಡಿದರೆ ಸಾಕೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಅಧಿಕ ವೇಗದಲ್ಲಿ ಎಂಜಿನ್ ಹೋರಾಡುವುದು ಮುಖ್ಯವಾಗಿ ಗಾಳಿಯೊಡನೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗ ಎರಡರಷ್ಟಾಗಲು ಶಕ್ತಿ ಎಂಟರಷ್ಟು, ಮೂರರಷ್ಟಾಗಲು ಇಪ್ಪತ್ತೇಳರಷ್ಟು ಬೇಕು.

ನಮ್ಮೆಲ್ಲರಿಗೂ ಪರಿಚಿತವಾದ ಯಮಹಾ ಆರ್‌ಎಕ್ಸ್ 100 ವಾಹನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಈ 98 ಸಿಸಿ ವಾಹನದ ಶಕ್ತಿ 11 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ ಸುಮಾರು 100 ಕಿ.ಮೀ. ಅದೇ ಆಕಾರದ ವಾಹನ 300 ಕಿ.ಮೀ. ವೇಗ ತಲುಪಬೇಕಾದರೆ 11ರ 27 ಪಟ್ಟು, ಅಂದರೆ ಸುಮಾರು 297 ಅಶ್ವಶಕ್ತಿ ಬೇಕಾಗುತ್ತದೆ. ಸುಜುಕಿ ಸಂಸ್ಥೆ 1999ರಲ್ಲಿ ಬಿಡುಗಡೆ ಮಾಡಿದ 1299 ಸಿಸಿ ಹಯಬುಸಾ ಕೇವಲ 175 ಅಶ್ವಶಕ್ತಿಯಿಂದ 300 ಕಿ.ಮೀ. ದಾಟಿತು. ಟಯರಿನ ಉರುಳುವಿಕೆಯ ನಷ್ಟ ಮುಂತಾದವನ್ನು ಬಿಟ್ಟು ಮಾಡಿದ ಸ್ಥೂಲ ಲೆಕ್ಕ ಇದಾದರೂ, ಉಳಿದ 120ರಷ್ಟು ಅಶ್ವಶಕ್ತಿಯನ್ನು ಉಳಿಸಿಕೊಟ್ಟದ್ದು ಬಹುಮಟ್ಟಿಗೆ ಹೊರಕವಚದ ಆಕಾರವೆಂಬುದು ಸ್ಪಷ್ಟ. ಮುಂಭಾಗದ ಉಬ್ಬು, ಹಿಂಭಾಗದ ಗೂನು, ಸವಾರ ಬಾಗಿ ಅಡಗುವ ಜಾಗ ಇವೆಲ್ಲ ಅಲಂಕಾರಕ್ಕಾಗಿ ಇದ್ದವಲ್ಲ. ಹಯಬುಸಾ ಎಂದರೆ ಜಪಾನೀ ಭಾಷೆಯಲ್ಲಿ ಬೇಟೆಗಾಗಿ ಎರಗುವ ಒಂದು ಜಾತಿಯ ಗಿಡುಗ.

ಈ ಪೈಪೋಟಿ ಮಿತಿಮೀರಿ ಸರ್ಕಾರಗಳು ನಿಷೇಧ ಹೇರಬಹುದೆಂಬ ಆತಂಕ ಯೂರೋಪಿನಲ್ಲಿ ಹುಟ್ಟಿದಾಗ, 2000ದ ನಂತರದ ಒಂದೆರಡು ವರ್ಷಗಳಲ್ಲಿ ತಯಾರಕರು ತಾವೇ ಒಪ್ಪಿ ವೇಗವನ್ನು 299 ಕಿ.ಮೀ.ಗೆ ಮಿತಿಗೊಳಿಸಿದರು. ಕಾನೂನು ಬರುವ ಮೊದಲೇ ಉದ್ಯಮವೇ ಸ್ವಯಂ ನಿಯಂತ್ರಣ ಹೇರಿಕೊಂಡ ಉದಾಹರಣೆಯಾಗಿಯೂ ಇದನ್ನು ಗಮನಿಸಬಹುದು.

ಪಿಸ್ಟನ್ನಿನ ವೇಗ: ಲೋಹ ಹಾಕುವ ಮಿತಿ

ಎಂಜಿನ್ನಿನ ಶಕ್ತಿಯು ಅದರ ತಿರುಚುಬಲ ಮತ್ತು ನಿಮಿಷಕ್ಕೆ ತಿರುಗುವ ಸುತ್ತುಗಳು, ಅಂದರೆ ಆರ್‌ಪಿಎಂ, ಇವೆರಡರ ಗುಣಲಬ್ಧ. ಗಾತ್ರ ಹೆಚ್ಚಿಸದೆ ಶಕ್ತಿ ಹೆಚ್ಚಿಸಬೇಕಾದರೆ ಆರ್‌ಪಿಎಂ ಏರಿಸುವುದು ಪ್ರಮುಖ ಮಾರ್ಗ. ಆದರೆ ಪಿಸ್ಟನ್ ಎಷ್ಟು ವೇಗವಾಗಿ ಮೇಲೆ ಕೆಳಗೆ ಓಡಬಲ್ಲದು ಎಂಬುದಕ್ಕೆ ಲೋಹವೇ ಒಂದು ಮಿತಿ ಹಾಕುತ್ತದೆ. ಪಿಸ್ಟನ್ನಿನ ಸರಾಸರಿ ವೇಗವನ್ನು ಕಂಡುಹಿಡಿಯಲು ಸ್ಟ್ರೋಕನ್ನು ಮೀಟರಿನಲ್ಲಿ ತೆಗೆದುಕೊಂಡು, ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಬೇಕು. ಕೆಲವು ಎಂಜಿನ್‌ಗಳ ಗರಿಷ್ಠ ಶಕ್ತಿಯ ಸ್ಥಿತಿಯಲ್ಲಿ ಈ ಲೆಕ್ಕ ಹೀಗಿದೆ:

ಯಮಹಾ ಆರ್‌ಎಕ್ಸ್ 100: ಸ್ಟ್ರೋಕ್ 50 ಮಿ.ಮೀ., 7,500 ಆರ್‌ಪಿಎಂ. ಪಿಸ್ಟನ್ ವೇಗ ಸೆಕೆಂಡಿಗೆ 12.5 ಮೀಟರ್.
ಹೋಂಡಾ ಸಿಬಿ 750 (1969): ಸ್ಟ್ರೋಕ್ 63 ಮಿ.ಮೀ., 8,000 ಆರ್‌ಪಿಎಂ, 16.8 ಮೀಟರ್.
ಸುಜುಕಿ ಹಯಬುಸಾ (1999): ಸ್ಟ್ರೋಕ್ 63 ಮಿ.ಮೀ., 9,800 ಆರ್‌ಪಿಎಂ, 20.6 ಮೀಟರ್.
ಯಮಹಾ ಆರ್6 (2006): ಸ್ಟ್ರೋಕ್ 42.5 ಮಿ.ಮೀ., 14,500 ಆರ್‌ಪಿಎಂ, 20.5 ಮೀಟರ್.

ಕೊನೆಯ ಎರಡನ್ನು ಹೋಲಿಸಿ ನೋಡಬೇಕು. ಒಂದು 1299 ಸಿಸಿ, ಇನ್ನೊಂದು 599 ಸಿಸಿ, ಆರ್‌ಪಿಎಂಗಳಲ್ಲಿ ಅಜಗಜಾಂತರ. ಆದರೂ ಪಿಸ್ಟನ್ ವೇಗ ಹೆಚ್ಚುಕಡಿಮೆ ಒಂದೇ. ಎರಡೂ ಸಂಸ್ಥೆಗಳ ವಿನ್ಯಾಸಕಾರರು ಬೇರೆಬೇರೆ ದಾರಿಯಿಂದ ಬಂದು ಒಂದೇ ಗೋಡೆಯ ಬಳಿ ನಿಂತಿದ್ದಾರೆ. ಸ್ಟ್ರೋಕ್ ಕಿರಿದು ಮಾಡಿದಷ್ಟೂ ಆ ಗೋಡೆಗೆ ತಾಗದೆ ಆರ್‌ಪಿಎಂ ಏರಿಸಬಹುದು. ಒಂದು ದೊಡ್ಡ ಸಿಲಿಂಡರಿನ ಬದಲು ನಾಲ್ಕು ಚಿಕ್ಕ ಸಿಲಿಂಡರುಗಳನ್ನು ಅಡ್ಡಸಾಲಿನಲ್ಲಿ ಇಡುವ ಜಪಾನೀ ಪದ್ಧತಿಗೆ ಇದೇ ಮುಖ್ಯ ಕಾರಣ. ನಾಲ್ಕು ಸಿಲಿಂಡರಿನ ವಾಹನವನ್ನು ಸಾಮಾನ್ಯ ಗ್ರಾಹಕನಿಗೆ ದೊಡ್ಡ ಪ್ರಮಾಣದಲ್ಲಿ ಒದಗಿಸಿದ ಕೀರ್ತಿ ಹೋಂಡಾ ಸಿಬಿ 750ಕ್ಕೆ ಸಲ್ಲುತ್ತದೆ. 736 ಸಿಸಿಯಿಂದ 67 ಅಶ್ವಶಕ್ತಿ, ಮುಂಭಾಗಕ್ಕೆ ಡಿಸ್ಕ್ ಬ್ರೇಕ್, ಗುಂಡಿ ಒತ್ತಿ ಚಾಲೂ ಮಾಡುವ ವ್ಯವಸ್ಥೆ ಇವೆಲ್ಲವನ್ನೂ ಅದು ಒಟ್ಟಿಗೆ ನೀಡಿತು.

ಆದರೆ ಬಿಡಿಭಾಗ ತಯಾರಕನ ದೃಷ್ಟಿಯಿಂದ ಇದರ ಅರ್ಥ ಬೇರೆ. ಸಿಲಿಂಡರು ನಾಲ್ಕಾದರೆ ಪಿಸ್ಟನ್ನೂ ನಾಲ್ಕು, ಕನೆಕ್ಟಿಂಗ್ ರಾಡೂ ನಾಲ್ಕು, ಪ್ರತಿ ಸಿಲಿಂಡರಿಗೆ ನಾಲ್ಕರಂತೆ ವಾಲ್ವ್‌ಗಳಿದ್ದರೆ ಅವು ಹದಿನಾರು. ಇವೆಲ್ಲವೂ ಒಂದನ್ನೊಂದು ಹೋಲಬೇಕು. ಒಂದು ಭಾಗವನ್ನು ಕೈಚಳಕದಿಂದ ಅತ್ಯುತ್ತಮವಾಗಿ ಮಾಡುವ ಕುಶಲಕರ್ಮಿ ಇಲ್ಲಿ ಸಾಲದು. ನೂರನೆಯದೂ ಸಾವಿರದನೆಯದೂ ಮೊದಲನೆಯದರಂತೆಯೇ ಇರಬೇಕು. ಅತಿವೇಗದ ಜಪಾನೀ ವಾಹನದ ಗುಟ್ಟು ಈ ಪುನರಾವರ್ತನೆಯಲ್ಲಿದೆ.

ಹತ್ತು ಗ್ರಾಂ ಹೇಗೆ ಮೂವತ್ತಮೂರು ಕಿಲೋ ಆಗುತ್ತದೆ

ತಿರುಗುವ ಭಾಗದಲ್ಲಿ ತೂಕದ ಅಸಮತೋಲನವಿದ್ದರೆ ಉಂಟಾಗುವ ಹೊರದೂಡುವ ಬಲ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಶಾಫ್ಟಿನ ನಡುಗೆರೆಯಿಂದ 30 ಮಿ.ಮೀ. ದೂರದಲ್ಲಿ ಕೇವಲ 10 ಗ್ರಾಂ ಹೆಚ್ಚುವರಿ ತೂಕವಿದೆ ಎಂದುಕೊಳ್ಳೋಣ. 1,000 ಆರ್‌ಪಿಎಂನಲ್ಲಿ ಅದರ ಬಲ ಸುಮಾರು ಮೂರನೇ ಒಂದು ಕಿಲೋ. ಕೈಗೆ ತಿಳಿಯುವುದೂ ಕಷ್ಟ. 5,000 ಆರ್‌ಪಿಎಂನಲ್ಲಿ ಎಂಟು ಕಿಲೋ ದಾಟುತ್ತದೆ. 10,000 ಆರ್‌ಪಿಎಂನಲ್ಲಿ ಸುಮಾರು 33 ಕಿಲೋ ಆಗುತ್ತದೆ. ಸೆಕೆಂಡಿಗೆ 166ಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತ ಬೇರಿಂಗನ್ನು ಬಡಿಯುವ ಸುತ್ತಿಗೆ ಅದು. ತೂಕದಲ್ಲಿ ತಪ್ಪಿದ್ದು ಹತ್ತು ಗ್ರಾಂ ಮಾತ್ರ ಎಂಬ ಸಮಾಧಾನ ಆಗ ಕೆಲಸಕ್ಕೆ ಬಾರದು.

ಹಯಬುಸಾದ ಪಿಸ್ಟನ್ ತನ್ನ ಓಟದ ತುದಿಗಳಲ್ಲಿ ನಿಂತು ಹಿಂದಿರುಗುವಾಗ ಅನುಭವಿಸುವ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಮೂರು ಸಾವಿರ ಪಟ್ಟಿಗೂ ಮಿಕ್ಕಿದ್ದು. ಆದ್ದರಿಂದಲೇ ಪಿಸ್ಟನ್ನಿನ ಪ್ರತಿ ಗ್ರಾಂ ಉಳಿತಾಯವೂ ಕನೆಕ್ಟಿಂಗ್ ರಾಡಿಗೆ ಕಿಲೋಗಟ್ಟಲೆ ನೆಮ್ಮದಿ ನೀಡುತ್ತದೆ. ಜೊತೆಗೆ ಲೋಹದ ದಣಿವು ಎಂಬುದೊಂದಿದೆ. 10,000 ಆರ್‌ಪಿಎಂನಲ್ಲಿ ಒಂದು ಗಂಟೆಗೆ 6 ಲಕ್ಷ ಸುತ್ತುಗಳಾಗುತ್ತವೆ. ಲೇತಿನ ಟೂಲ್ ಬಿಟ್ಟುಹೋದ ಒಂದು ಗೀರು, ಮೂಲೆಯಲ್ಲಿ ಬಿಡಬೇಕಾದ ದುಂಡನ್ನು ಬಿಡದೆ ಮಾಡಿದ ಚೂಪು, ಹೀಟ್ ಟ್ರೀಟ್‌ಮೆಂಟಿನಲ್ಲಿ ಉಳಿದ ಮೃದುವಾದ ತಾಣ ಇವು ಮೊದಲ ದಿನ ಏನೂ ಮಾಡವು. ಲಕ್ಷಾಂತರ ಬಾರಿ ಎಳೆದಾಡಿದ ಮೇಲೆ ಅಲ್ಲಿಂದಲೇ ಬಿರುಕು ಹೊರಡುತ್ತದೆ.

ಕೋಲಾರ ಚಿನ್ನದ ಗಣಿ ಪ್ರದೇಶದ ಹಿರಿಯರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಯಲ್ಲಿ ಕಾರ್ಮಿಕರ ಜೀವ ತೂಗುತ್ತಿದ್ದುದು ಉಕ್ಕಿನ ಹಗ್ಗದ ಮೇಲೆ. ನಿಗದಿತ ಅವಧಿಗೊಮ್ಮೆ ಆ ಹಗ್ಗದ ತುದಿಯನ್ನು ಕತ್ತರಿಸಿ, ತಂತಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ವಹಿಯಲ್ಲಿ ದಾಖಲಿಸಿ, ಹೊಸದಾಗಿ ಕಟ್ಟುವುದು ಗಣಿ ಸುರಕ್ಷತೆಯ ನಿಯಮ. ಕಣ್ಣಿಗೆ ಚೆನ್ನಾಗಿ ಕಾಣುವುದೆಲ್ಲ ಗಟ್ಟಿಯಲ್ಲ, ಪರೀಕ್ಷಿಸಿ ಬರೆದಿಟ್ಟದ್ದು ಮಾತ್ರ ಗಟ್ಟಿ ಎಂಬ ಆ ನಿಯಮದ ತಿರುಳೇ ಇಂದು ವಾಹನೋದ್ಯಮ ಕೇಳುವ ಗುಣಮಟ್ಟ ದಾಖಲೆಯ ತಿರುಳೂ ಆಗಿದೆ.

ಚೌಕಟ್ಟು ಮತ್ತು ಬ್ರೇಕು: ಶಕ್ತಿಗೆ ತಕ್ಕ ಹಿಡಿತ

ಜಪಾನೀಯರೂ ಆರಂಭದಲ್ಲಿ ಎಡವಿದರು. ಕವಾಸಾಕಿ 1969ರಲ್ಲಿ ಹೊರತಂದ 500 ಸಿಸಿ, ಮೂರು ಸಿಲಿಂಡರಿನ ಎರಡು ಸ್ಟ್ರೋಕ್ ವಾಹನ 60 ಅಶ್ವಶಕ್ತಿ ನೀಡುತ್ತಿತ್ತು. ನೇರ ದಾರಿಯಲ್ಲಿ ಬಾಣದಂತೆ ಹೋಗುತ್ತಿದ್ದರೂ ತಿರುವಿನಲ್ಲಿ ಅದರ ಚೌಕಟ್ಟು ನಂಬಿಕೆಗೆ ಅರ್ಹವಲ್ಲವೆಂಬ ಅಪಖ್ಯಾತಿ ಗಳಿಸಿತು. ಎಂಜಿನ್ ಮುಂದೆ ಓಡಿ ಚೌಕಟ್ಟು ಹಿಂದೆ ಉಳಿದ ಕಾಲವದು.

ಅದಕ್ಕೆ ಉತ್ತರ ದೊರೆತದ್ದು 1980ರ ದಶಕದಲ್ಲಿ. 1984ರ ಕವಾಸಾಕಿ ಜಿಪಿಝಡ್ 900 ಆರ್ ದ್ರವತಂಪು ಮಾಡುವ ಹದಿನಾರು ವಾಲ್ವ್‌ಗಳ ಎಂಜಿನ್ನನ್ನು ತಂದು, 908 ಸಿಸಿಯಿಂದ 115 ಅಶ್ವಶಕ್ತಿ ಪಡೆದು ಗಂಟೆಗೆ 240 ಕಿ.ಮೀ. ದಾಟಿತು. 1985ರ ಸುಜುಕಿ ಜಿಎಸ್‌ಎಕ್ಸ್-ಆರ್ 750 ಅಲ್ಯುಮಿನಿಯಂ ಮಿಶ್ರಲೋಹದ ಚೌಕಟ್ಟಿನಿಂದ ತನ್ನ ವರ್ಗದ ಇತರ ವಾಹನಗಳಿಗಿಂತ ಬಹಳ ಹಗುರವಾಯಿತು. 1998ರ ಯಮಹಾ ಆರ್1 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗೇರ್ ಪೆಟ್ಟಿಗೆಯ ಶಾಫ್ಟುಗಳನ್ನು ಒಂದರ ಹಿಂದೆ ಒಂದು ಇಡುವ ಬದಲು ಮೇಲೆ ಕೆಳಗೆ ಜೋಡಿಸಿತು. ಎಂಜಿನ್ ಗಿಡ್ಡವಾದುದರಿಂದ ಹಿಂಚಕ್ರದ ಹಿಡಿತೋಳನ್ನು ಉದ್ದ ಮಾಡಲು ಸ್ಥಳ ದೊರೆಯಿತು. ವಾಹನದ ಸ್ಥಿರತೆ ಹೆಚ್ಚಿತು. ಇಲ್ಲಿ ಸಾಧನೆಗೆ ಕಾರಣ ದುಬಾರಿ ಲೋಹವಲ್ಲ, ಜೋಡಣೆಯ ವಿಚಾರ. ಇದೇ ಪರಂಪರೆಯ ಪೆಟ್ಟಿಗೆಯಾಕಾರದ ಚೌಕಟ್ಟು, ದ್ರವತಂಪು ಎಂಜಿನ್ ಎರಡನ್ನೂ ಯಮಹಾ 2008ರಲ್ಲಿ 150 ಸಿಸಿ ವರ್ಗದ ಆರ್15 ಮೂಲಕ ಭಾರತಕ್ಕೆ ತಂದಿತು. ಪಂದ್ಯದ ತಂತ್ರಜ್ಞಾನ ಹೀಗೆ ದಿನಬಳಕೆಯ ವಾಹನಕ್ಕೆ ಇಳಿಯುತ್ತದೆ.

ಬ್ರೇಕಿನ ಲೆಕ್ಕವೂ ಇಷ್ಟೇ ಮುಖ್ಯ. ಚಲಿಸುವ ವಾಹನದಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 60 ಕಿ.ಮೀ. ಓಡುವ ವಾಹನವನ್ನು ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿಯ 25 ಪಟ್ಟನ್ನು 300 ಕಿ.ಮೀ. ವೇಗದಲ್ಲಿ ನುಂಗಬೇಕು. ಅದು ಪೂರ್ತಿ ಶಾಖವಾಗಿ ಪರಿವರ್ತನೆಗೊಳ್ಳುತ್ತದೆ. ಡಿಸ್ಕಿನ ದಪ್ಪದಲ್ಲಿ ಸ್ವಲ್ಪ ಏರುಪೇರಿದ್ದರೂ ಆ ಶಾಖದಲ್ಲಿ ಅದು ಡೊಂಕಾಗಿ ಹಿಡಿಕೆ ನಡುಗುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾದ ಮೇಲೆ, ಡಿಸ್ಕ್ ಹಾಗೂ ಅದರ ಸುತ್ತಲಿನ ಭಾಗಗಳ ನಿಖರತೆಯ ಪ್ರಶ್ನೆ ನಮ್ಮ ಸಾಮಾನ್ಯ ಬೈಕುಗಳಿಗೂ ಬಂದಿದೆ.

ಶೆಡ್ಡಿನ ಬಿಸಿಲು ಮತ್ತು 14 ಮೈಕ್ರಾನ್

ಇನ್ನು ನಮ್ಮ ಕಾರ್ಯಾಗಾರಗಳ ವಿಷಯಕ್ಕೆ ಬರೋಣ. ಅಳತೆಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಪ್ರಮಾಣ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಬಂಗಾರಪೇಟೆಯ ಶೀಟು ಛಾವಣಿಯ ಶೆಡ್ಡೊಂದರಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದೆ ಎಂದು ಭಾವಿಸೋಣ. 80 ಮಿ.ಮೀ. ವ್ಯಾಸದ ಅಲ್ಯುಮಿನಿಯಂ ಭಾಗವು ಆ 15 ಡಿಗ್ರಿ ಹೆಚ್ಚುವರಿ ಶಾಖಕ್ಕೆ ಸುಮಾರು 28 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅಳೆಯುವ ಉಕ್ಕಿನ ಮೈಕ್ರೋಮೀಟರೂ ಅದೇ ಬಿಸಿಯಲ್ಲಿ ಸುಮಾರು 14 ಮೈಕ್ರಾನ್ ಹಿಗ್ಗಿರುವುದರಿಂದ, ಕೊನೆಗೆ ಉಳಿಯುವ ದೋಷ 14 ಮೈಕ್ರಾನ್. ಎಂದರೆ ಭಾಗವು ಇರುವುದಕ್ಕಿಂತ ಅಷ್ಟು ದೊಡ್ಡದಾಗಿ ಕಾಣುತ್ತದೆ. ಆಪರೇಟರು ಅದನ್ನು ನಂಬಿ ಇನ್ನಷ್ಟು ಕೊರೆಯುತ್ತಾನೆ. ಅದೇ ಭಾಗವು ಗ್ರಾಹಕನ ಹವಾನಿಯಂತ್ರಿತ ಕೊಠಡಿಗೆ ಹೋದಾಗ ಗಾತ್ರದಲ್ಲಿ ಕಡಿಮೆ ಬರುತ್ತದೆ. ನಕ್ಷೆಯಲ್ಲಿ ಇರುವ ಅವಕಾಶ ಆಚೀಚೆ 10 ಮೈಕ್ರಾನ್ ಮಾತ್ರವಾಗಿದ್ದರೆ ಇಡೀ ಲಾಟೇ ಹಿಂದಿರುಗುವುದು ಖಚಿತ. ‘ನಮ್ಮಲ್ಲಿ ಅಳೆದಾಗ ಸರಿಯಾಗಿತ್ತು’ ಎಂಬ ಮಾತು ಇಂಥ ಸಂದರ್ಭದಲ್ಲಿ ಸತ್ಯವೂ ಹೌದು, ನಿಷ್ಪ್ರಯೋಜಕವೂ ಹೌದು.

ಎರಡನೆಯ ಅಂಶ ಏರಿಳಿತ. ಒಂದೇ ಯಂತ್ರ, ಒಂದೇ ಕೈ, ಒಂದೇ ಸರಕು ಇದ್ದರೂ ಭಾಗಗಳ ಅಳತೆಯಲ್ಲಿ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ. ಅದನ್ನು ಪ್ರಮಾಣ ವಿಚಲನೆ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ನಕ್ಷೆ ನೀಡಿದ ಒಟ್ಟು ಅವಕಾಶವನ್ನು ಆ ಸಂಖ್ಯೆಯ ಆರು ಪಟ್ಟಿನಿಂದ ಭಾಗಿಸಿದಾಗ ದೊರೆಯುವುದೇ ಪ್ರಕ್ರಿಯಾ ಸಾಮರ್ಥ್ಯ. ಒಟ್ಟು ಅವಕಾಶ 20 ಮೈಕ್ರಾನ್, ವಿಚಲನೆ 2.5 ಮೈಕ್ರಾನ್ ಆದರೆ ಸಾಮರ್ಥ್ಯ 1.33. ವಾಹನೋದ್ಯಮ ಸಾಮಾನ್ಯವಾಗಿ ಕೇಳುವ ಕನಿಷ್ಠ ಮಟ್ಟವಿದು. ಅಳತೆಗಳು ನಡುಬಿಂದುವಿನಲ್ಲೇ ಇದ್ದರೆ ಆಗ ತಪ್ಪುವ ಭಾಗಗಳು ಹತ್ತು ಲಕ್ಷಕ್ಕೆ ಸುಮಾರು 63. ವಿಚಲನೆ 4 ಮೈಕ್ರಾನ್‌ಗೆ ಏರಿದರೆ ಸಾಮರ್ಥ್ಯ 0.83ಕ್ಕೆ ಇಳಿದು, ಹತ್ತು ಲಕ್ಷಕ್ಕೆ ಸುಮಾರು 12,400 ಭಾಗಗಳು ತಪ್ಪುತ್ತವೆ. ವ್ಯತ್ಯಾಸ ಒಂದೂವರೆ ಮೈಕ್ರಾನ್. ಫಲಿತಾಂಶದಲ್ಲಿ ಇನ್ನೂರು ಪಟ್ಟಿನ ಅಂತರ. ಸೊಯಿಚಿರೊ ಹೋಂಡಾ ಅವರ 47 ರಿಂಗ್‌ಗಳು ನಿರಾಕೃತವಾದದ್ದನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು.

ಹೇಳಿದ ಸಂಖ್ಯೆಗೆ ಬದ್ಧರಾಗುವುದು

ವ್ಯಾಪಾರಿ ಸದಸ್ಯರಿಗೆ ಉಪಯುಕ್ತವಾದ ಒಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. 2006ರ ಯಮಹಾ ಆರ್6 ವಾಹನದ ಎಂಜಿನ್ 17,500 ಆರ್‌ಪಿಎಂವರೆಗೆ ತಿರುಗುತ್ತದೆಂದು ಜಾಹೀರಾಗಿತ್ತು. ಮೀಟರೂ ಹಾಗೆಯೇ ತೋರಿಸುತ್ತಿತ್ತು. ವಾಸ್ತವದಲ್ಲಿ ಎಂಜಿನ್ನಿನ ಮಿತಿ ಅದಕ್ಕಿಂತ ಸಾವಿರಕ್ಕೂ ಹೆಚ್ಚು ಸುತ್ತು ಕಡಿಮೆ ಎಂಬುದು ಪರೀಕ್ಷೆಗಳಿಂದ ಹೊರಬಿತ್ತು. ವಾಹನದ ಓಟದಲ್ಲಿ ಕೊರತೆಯೇನೂ ಇರಲಿಲ್ಲ. ಆದರೂ ಸಂಸ್ಥೆಯು ತಪ್ಪನ್ನು ಒಪ್ಪಿ, ಅಸಮಾಧಾನವಿರುವ ಗ್ರಾಹಕರಿಂದ ವಾಹನವನ್ನು ಹಿಂದಕ್ಕೆ ಕೊಳ್ಳಲು ಮುಂದಾಯಿತು. ಸರಕು ಚೆನ್ನಾಗಿದ್ದರೂ ಅದರ ಮೇಲೆ ಬರೆದ ಸಂಖ್ಯೆ ತಪ್ಪಿದ್ದರೆ ಅದು ದೋಷವೇ ಎಂಬ ನಿಲುವು ಇದರಲ್ಲಿದೆ. ಪರೀಕ್ಷೆ ನಡೆಸದೆ ಪರೀಕ್ಷಾ ವರದಿಯ ಅಂಕಣಗಳನ್ನು ತುಂಬಿ ಕಳುಹಿಸುವ ಅಭ್ಯಾಸ ಎಲ್ಲಿಯಾದರೂ ಇದ್ದರೆ, ಅಂಥ ಘಟಕಕ್ಕೆ ಈ ಉದ್ಯಮದಲ್ಲಿ ಹೆಚ್ಚು ದಿನ ಉಳಿಗಾಲವಿಲ್ಲ.

ನಮ್ಮ ಊರುಗಳಿಗೆ ಇದರ ಅನ್ವಯ

ಊರಿಗಾಂ ಮತ್ತು ಬಂಗಾರಪೇಟೆ ಪ್ರದೇಶಕ್ಕೆ ಯಂತ್ರಗಳು ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಗಣಿಗಳಿಗೆ ಬಂದಾಗ ದೇಶದ ಬಹುಪಾಲು ನಗರಗಳು ದೀಪದೆಣ್ಣೆಯಲ್ಲಿದ್ದವು. 1964ರಲ್ಲಿ ಸ್ಥಾಪಿತವಾದ ಬಿಇಎಂಎಲ್ ಸಂಸ್ಥೆಯು ಇಲ್ಲಿನ ತನ್ನ ಘಟಕದಲ್ಲಿ, ಜಪಾನಿನ ಕೊಮಾಟ್ಸು ಸಂಸ್ಥೆಯ ತಾಂತ್ರಿಕ ಸಹಯೋಗವನ್ನೂ ಪಡೆದು, ಬುಲ್ಡೋಜರ್ ಮುಂತಾದ ಭಾರೀ ಯಂತ್ರಗಳನ್ನು ತಯಾರಿಸಿದೆ. ಫಿಟ್ಟರ್, ಟರ್ನರ್, ವೆಲ್ಡರ್ ಕೆಲಸ ಬಲ್ಲ ಮನೆತನಗಳು ನಮ್ಮಲ್ಲಿವೆ. ಆದರೆ ಭಾರೀ ಯಂತ್ರಗಳ ಕೆಲಸಕ್ಕೂ ವಾಹನದ ಬಿಡಿಭಾಗಗಳ ಕೆಲಸಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕೆಲವೇ ಭಾಗಗಳು, ಪ್ರತಿಯೊಂದಕ್ಕೂ ಹೆಚ್ಚು ಸಮಯ; ಎರಡನೆಯದರಲ್ಲಿ ಲಕ್ಷಾಂತರ ಭಾಗಗಳು, ಪ್ರತಿಯೊಂದಕ್ಕೂ ಕೆಲವೇ ಸೆಕೆಂಡು. ನಮ್ಮ ಕೈಗಳಲ್ಲಿ ಕುಶಲತೆ ಇದೆ. ರೂಢಿಸಿಕೊಳ್ಳಬೇಕಾದದ್ದು ಪುನರಾವರ್ತನೆಯ ಶಿಸ್ತು. ಈ ಹಿನ್ನೆಲೆಯಲ್ಲಿ ಕೆಳಗಿನ ಸಲಹೆಗಳನ್ನು ಸದಸ್ಯರ ಪರಿಶೀಲನೆಗೆ ಇಡಲಾಗಿದೆ.

1. ಪೂರ್ತಿ ಭಾಗದ ಗುತ್ತಿಗೆಗೆ ಕೈ ಹಾಕುವ ಮೊದಲು ಒಂದೇ ಪ್ರಕ್ರಿಯೆಯನ್ನು, ಉದಾಹರಣೆಗೆ ಒಂದು ಬೋರಿಂಗ್ ಅಥವಾ ಗ್ರೈಂಡಿಂಗ್ ಕೆಲಸವನ್ನು, 1.33 ಸಾಮರ್ಥ್ಯಕ್ಕೆ ತಂದು ಆರು ತಿಂಗಳ ದಾಖಲೆ ಇಟ್ಟುಕೊಳ್ಳುವುದು ಒಳಿತು. ದೊಡ್ಡ ತಯಾರಕರಿಗೆ ನೇರವಾಗಿ ಪೂರೈಸುವ ಮಧ್ಯಮ ಘಟಕಗಳಿಂದ ಜಾಬ್ ವರ್ಕ್ ಪಡೆಯಲು ಆ ದಾಖಲೆಯೇ ಶಿಫಾರಸು ಪತ್ರ.

2. ತಾಪಮಾನ ನಿಯಂತ್ರಿತ ಅಳತೆ ಕೊಠಡಿ ಒಬ್ಬ ಸಣ್ಣ ಉದ್ಯಮಿಗೆ ದುಬಾರಿ. ಹತ್ತು ಜನ ಸೇರಿದರೆ ಸಾಧ್ಯ. ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮವು ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆಂದೇ ರೂಪಿತವಾದುದು. ಅಲ್ಲಿಯವರೆಗೆ ಮುಖ್ಯ ಅಳತೆಗಳನ್ನು ಬೆಳಗಿನ ತಂಪು ಹೊತ್ತಿನಲ್ಲಿ, ಭಾಗವನ್ನೂ ಉಪಕರಣವನ್ನೂ ಒಂದೇ ಕಲ್ಲುಹಲಗೆಯ ಮೇಲೆ ಸಾಕಷ್ಟು ಹೊತ್ತು ಇಟ್ಟು ತೆಗೆದುಕೊಂಡು, ಕೊಠಡಿಯ ತಾಪಮಾನವನ್ನೂ ಬರೆದಿಡಬೇಕು. ಇದಕ್ಕೆ ಖರ್ಚಿಲ್ಲ.

3. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆಂದು ಇರುವ ಝೆಡ್ ಪ್ರಮಾಣೀಕರಣವು ದೋಷವಿಲ್ಲದ ತಯಾರಿಕೆಯ ಮೊದಲ ಮೆಟ್ಟಿಲು. ವಾಹನೋದ್ಯಮದ ಐಎಟಿಎಫ್ 16949 ಪ್ರಮಾಣಪತ್ರವನ್ನು ಅದಾದ ಮೇಲೆ ಯೋಚಿಸಬಹುದು.

4. ದರ ನಿಗದಿಪಡಿಸುವಾಗ ನಿರಾಕೃತ ಭಾಗಗಳ ವೆಚ್ಚವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಸಾಗಣೆ, ಮರುವಿಂಗಡಣೆ, ತಡವಾದ ಪಾವತಿ ಇವೆಲ್ಲ ಅದರೊಳಗೆ ಸೇರುತ್ತವೆ. ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹಣ ಪಾವತಿ 45 ದಿನ ಮೀರಬಾರದೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಆದರೆ ಆ ಹಕ್ಕನ್ನು ಕೇಳುವವನ ಸರಕು ನಿರ್ದುಷ್ಟವಾಗಿರಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಹೋಂಡಾ 2024ರಲ್ಲಿ ಅನಾವರಣಗೊಳಿಸಿದ ತನ್ನ ವಿದ್ಯುತ್ ಸ್ಕೂಟರುಗಳ ತಯಾರಿಕೆಯನ್ನು ಕೈಗೊಂಡದ್ದು ನರಸಾಪುರದಲ್ಲಿಯೇ. ವಿದ್ಯುತ್ ವಾಹನದಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕಾರ್ಬುರೇಟರ್ ಇಲ್ಲ. ಎಂಜಿನ್ ಭಾಗಗಳನ್ನೇ ನಂಬಿ ಇಂದು ದೊಡ್ಡ ಸಾಲ ಮಾಡುವವರು ಇದನ್ನು ಗಮನದಲ್ಲಿಡಬೇಕು. ಆದರೆ ಮೋಟಾರಿನ ಶಾಫ್ಟ್ ತಿರುಗುತ್ತದೆ. ಬೇರಿಂಗ್, ಬ್ರೇಕು, ಚೌಕಟ್ಟು ಉಳಿಯುತ್ತವೆ. ಹತ್ತು ಗ್ರಾಂ ಅಸಮತೋಲನ ಅಲ್ಲಿಯೂ ಅದೇ ಲೆಕ್ಕದಲ್ಲಿ ಬೇರಿಂಗನ್ನು ಬಡಿಯುತ್ತದೆ. ಭಾಗಗಳು ಬದಲಾಗಬಹುದು, ನಿಖರತೆಯ ವಿದ್ಯೆ ವ್ಯರ್ಥವಾಗುವುದಿಲ್ಲ. ಮಗ್ಗದ ಕಾರ್ಖಾನೆ ಮೋಟಾರ್ ಸೈಕಲ್ ಕಾರ್ಖಾನೆಯಾದದ್ದು ಈ ವಿದ್ಯೆಯ ಬಲದಿಂದಲೇ.

ಕೊನೆಯದಾಗಿ ಸದಸ್ಯರು ತಮ್ಮ ಘಟಕದಲ್ಲಿ ಈ ತಿಂಗಳು ಮಾಡಿನೋಡಬಹುದಾದ ಒಂದು ಅಭ್ಯಾಸ. ಒಂದೇ ದಿನ ತಯಾರಾದ ಒಂದೇ ಬಗೆಯ 50 ಭಾಗಗಳನ್ನು ತೆಗೆದಿರಿಸಿ, ಒಂದು ಅಳತೆಯನ್ನು ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಮತ್ತೊಮ್ಮೆ, ಇಬ್ಬರು ಬೇರೆಬೇರೆ ಆಪರೇಟರುಗಳಿಂದ ಅಳೆಯಿಸಿ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಕ್ಷೆಯ ಮಿತಿಯೊಳಗೆ ಎರಡೂ ಬಾರಿ ಬಂದ ಭಾಗಗಳು ಎಷ್ಟು ಎಂದು ಎಣಿಸಿ. ಹೋಂಡಾ ಅವರಿಗೆ ಮೊದಲ ಬಾರಿ ದೊರೆತ ಅಂಕ ಮೂರು. ನಮ್ಮ ಅಂಕ ಎಷ್ಟೇ ಇರಲಿ, ಅದನ್ನು ಗ್ರಾಹಕ ಹೇಳುವ ಮೊದಲು ನಾವೇ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.